ರಕ್ತ ಜಾಸ್ತಿ ಇದ್ದ ಧರ್ಮಪ್ಪ

ಧರ್ಮಪ್ಪನಿಗೆ ರಕ್ತ ಜಾಸ್ತಿ ಇದೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಗೊತ್ತುಮಾಡಿದವನು ಬೇರೆ ಯಾರೂ ಅಲ್ಲ, ಧರ್ಮಪ್ಪನೇ.

ದೀಪಾವಳಿ ಕಳೆದ ಮೇಲೆ ಅವನಿಗೆ ಮೇಲಿಂದ ಮೇಲೆ ತಲೆನೋವು ಬರುತ್ತಿತ್ತು. ಶಿರಾಳಕೊಪ್ಪದ ಸಂತೆಗೆ ಹೋದವನು ಹಾಗೇ ಅಲ್ಲಿನ ಡಾಕ್ಟರ ಹತ್ತಿರವೂ ಹೋಗಿದ್ದ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಬುರುಡೆ ಒತ್ತಿ ಗಾಳಿ ತುಂಬಿ, ಪಾದರಸ ಏರಿ ಇಳಿಯುವುದನ್ನು ನೋಡಿ, "ನಿಮಗೆ ರಕ್ತದ ಒತ್ತಡ ಬಹಳ ಜಾಸ್ತಿ ಇದೆ" ಅಂದರು. ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿ, ಮಾತ್ರೆ ಬಿಡಬೇಡಿ, ಮುಗಿಯುವುದರೊಳಗೆ ಮತ್ತೆ ಬಂದು ತೋರಿಸಿ ಎಂದು ಸಾರಿ ಹೇಳಿದರು. ಧರ್ಮಪ್ಪ ಎಲ್ಲಕ್ಕೂ ತಲೆ ಆಡಿಸಿದ. ಆದರೆ ಊರು ಮುಟ್ಟುವ ಹೊತ್ತಿಗೆ ಅವನ ತಲೆಯಲ್ಲಿ ಉಳಿದದ್ದು 'ರಕ್ತ ಜಾಸ್ತಿ' ಅನ್ನುವುದು ಮಾತ್ರ. 'ಒತ್ತಡ' ಎಂಬ ಮಾತು ದಾರಿಯಲ್ಲಿ ಎಲ್ಲೋ ಬಸ್ಸಿನಿಂದ ಇಳಿದು ಹೋಗಿತ್ತು.

ಆಮೇಲೆ ಕಟ್ಟೆಯ ಮೇಲೆ ಕೂತಾಗಲೆಲ್ಲ ಅದೇ ಮಾತು.

"ನಿಮ್ಮಂಗೆ ಬಿಳಚ್ಕೊಂಡೋನಲ್ಲ ಕಣ್ರೋ ನಾನು. ಡಾಕ್ಟ್ರೇ ಹೇಳಿದಾರೆ, ರಕ್ತ ಜಾಸ್ತಿ ಐತೆ ಅಂತ. ಯಾರಿಗಾದ್ರೂ ಬೇಕಾದ್ರೆ ಹೇಳ್ರಿ, ಒಂದು ಚೆಂಬು ಕೊಡ್ತೀನಿ."

ಜನ ನಗುತ್ತಿದ್ದರು. ಅವನ ಕೆಂಪು ಮುಖ, ದಪ್ಪ ಕುತ್ತಿಗೆ ನೋಡಿ ಹೌದೆಂದೂ ನಂಬುತ್ತಿದ್ದರು.

ನಂಬದೆ ಇದ್ದವಳು ಒಬ್ಬಳೇ, ಅವನ ಅಕ್ಕ ಗುತ್ಯಮ್ಮ. ಅವಳನ್ನು ಕೊಟ್ಟದ್ದು ಶಿರಾಳಕೊಪ್ಪದ ಹತ್ತಿರ. ಅವಳ ಅತ್ತೆ ಶೇಷಮ್ಮನಿಗೆ ಹೋದ ವರ್ಷ ಲಕ್ವ ಹೊಡೆದಿತ್ತು. ಅತ್ತೆಯನ್ನು ಮಗ್ಗುಲು ಹೊರಳಿಸುವುದು, ಬಾಯಿ ಒರೆಸುವುದು, ಗಂಜಿ ತಿನ್ನಿಸುವುದು ಎಲ್ಲ ಅವಳ ಪಾಲಿಗೇ ಬಂದಿತ್ತು. ಶಿಕಾರಿಪುರದ ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಪಕ್ಕ ಕೂತು ಡಾಕ್ಟರನ್ನೂ ನರ್ಸಮ್ಮನನ್ನೂ ಕೇಳಿ ಕೇಳಿ ತಿಳಿದುಕೊಂಡದ್ದೂ ಕಡಿಮೆಯಲ್ಲ.

ಅವಳು ತವರಿಗೆ ಬಂದದ್ದು ಮಾವಿನ ಮಿಡಿ ಉಪ್ಪಿಗೆ ಹಾಕಲು. ಕ್ಯಾಸನೂರಿನ ಕಾಡಿನ ಅಂಚಿನಲ್ಲಿದ್ದ ಆ ಹಳ್ಳಿಯ ಮಿಡಿಗೆ ಬೇರೆಯೇ ರುಚಿ. ಗುತ್ಯಮ್ಮನೂ ಧರ್ಮಪ್ಪನ ಹೆಂಡತಿ ದ್ಯಾಮಮ್ಮನೂ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತ ಕೂತಿದ್ದರು. ಪಕ್ಕದಲ್ಲಿ ಧರ್ಮಪ್ಪ ಗಂಜಿ ಉಣ್ಣುತ್ತಿದ್ದ. ಹೋದ ವರ್ಷದ ಭರಣಿಯ ತಳದಲ್ಲಿ ಉಳಿದಿದ್ದ ಉಪ್ಪುನೀರನ್ನು ಗಂಜಿಗೆ ಬಗ್ಗಿಸಿಕೊಂಡು, ಬೆರಳು ಅದ್ದಿ ಚೀಪುತ್ತಿದ್ದ.

ಗುತ್ಯಮ್ಮ ನೋಡಿದಳು. ಸುಮ್ಮನಿರಲು ನೋಡಿದಳು, ಆಗಲಿಲ್ಲ.

"ತಮ್ಮ, ಉಪ್ಪು ಬ್ಯಾಡ ಅಂದಿದ್ರಲ್ವನೋ ಡಾಕ್ಟ್ರು?"

"ಬ್ಯಾಡ ಅಂದಿಲ್ಲ ಅಕ್ಕ, ಕಮ್ಮಿ ಮಾಡು ಅಂದ್ರು. ಇದು ಉಪ್ಪಲ್ಲ, ಮಿಡಿ."

"ಮಿಡಿ ಎಂತದ್ರಲ್ಲಿ ಮುಳುಗಿರೋದು?"

"ರಸದಲ್ಲಿ."

"ಆ ರಸ ಎಲ್ಲಿಂದ ಬಂತು, ಆಕಾಶದಿಂದ ಸುರೀತಾ?"

ದ್ಯಾಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗುತ್ಯಮ್ಮನಿಗೆ ನಗು ಬರಲಿಲ್ಲ.

"ಹೋಗ್ಲಿ, ಮಾತ್ರೆ ತಿಂತಿದೀಯಾ?"

"ತಲೆನೋವು ಹೋಯ್ತಲ್ಲ, ಬಿಟ್ಟೆ. ಗಾಯ ಮಾದ ಮೇಲೂ ಕಾಲಿಗೆ ಪಟ್ಟಿ ಕಟ್ಕಂಡು ತಿರುಗ್ತಾರಾ ಯಾರಾದ್ರೂ?"

"ಉಳಿದ ಮಾತ್ರೆ ಎಲ್ಲಿ?"

ಧರ್ಮಪ್ಪ ಸ್ವಲ್ಪ ಅಳುಕಿದ. "ಬಂಗಾರಣ್ಣಂಗೆ ಸೊಂಟ ಹಿಡ್ಕಂಡಿತ್ತು. ಪಾಪ ಅನ್ನಿಸ್ತು, ಕೊಟ್ಟೆ."

ಬಂಗಾರಪ್ಪ ಅವರ ದೊಡ್ಡಪ್ಪನ ಮಗ. ಪಕ್ಕದ ಮನೆ. ಊರಿನಲ್ಲಿ ಯಾರಿಗೆ ಏನಾದರೂ ಮೊದಲು ಕಾರಣ ಹೇಳುವವನು ಅವನೇ. ಆ ಹೊತ್ತಿಗೆ ಅವನೂ ಎಲೆಅಡಿಕೆ ಹುಡುಕಿಕೊಂಡು ಜಗಲಿಗೆ ಬಂದು ಕೂತಿದ್ದ.

"ಬಂಗಾರಣ್ಣ, ಅವನ ಮಾತ್ರೆ ನೀವು ತಿಂದ್ರಾ?"

"ತಿಂದೆ. ಸೊಂಟ ಬಿಡ್ಲೇ ಇಲ್ಲ. ಆ ಡಾಕ್ಟ್ರ ಮಾತ್ರೆ ಕೆಲ್ಸಕ್ಕೆ ಬರಲ್ಲ ಅನ್ನೋದಕ್ಕೆ ಇನ್ನೆಂತ ಸಾಕ್ಷಿ ಬೇಕು ನಿಂಗೆ?"

ಗುತ್ಯಮ್ಮ ಕೈಯಲ್ಲಿದ್ದ ಕಲ್ಲುಪ್ಪನ್ನು ಬೋಗುಣಿಗೆ ಎಸೆದಳು. ಇವರ ಜೊತೆ ಮಾತಾಡುವುದಕ್ಕಿಂತ ಭರಣಿಯ ಜೊತೆ ಮಾತಾಡುವುದೇ ವಾಸಿ ಅನ್ನಿಸಿತು. ಆದರೂ ಹೇಳಿದಳು:

"ನಮ್ಮತ್ತೆಗೂ ಇದೇ ಒತ್ತಡ ಇತ್ತು ಕಣೋ. ಅವರಿಗೂ ಎಂತದೂ ನೋವಿರ್ಲಿಲ್ಲ. ಕಸ ಗುಡಿಸ್ತಾ ಗುಡಿಸ್ತಾ ಬಿದ್ರು. ಶನಿವಾರ ಅಲ್ಲ, ನಾಡಿದ್ದಲ್ಲ, ನಾಳೆನೇ ನನ್ಜೊತೆ ಹೊರಡು. ತೋಳಿಗೆ ಇನ್ನೊಂದ್ಸಲ ಪಟ್ಟಿ ಕಟ್ಟಿಸ್ಕಂಡು ಬರೋಣ."

"ಸೌದೆ ಸೀಳಿ ಹಾಕ್ತೀನಿ ಅಕ್ಕ. ಮಳೆಗಾಲಕ್ಕೆ ಬೇಕಲ್ಲ. ಆಮೇಲೆ ಹೋಗೋಣ."

'ಆಮೇಲೆ' ಎಂಬ ಮಾತಿಗೆ ಆ ಮನೆಯಲ್ಲಿ ಕೊನೆ ಮೊದಲು ಇರಲಿಲ್ಲ.

ಮರುದಿನ ಬಿಸಿಲು ಏರುವ ಹೊತ್ತು. ಧರ್ಮಪ್ಪ ಅಂಗಳದಲ್ಲಿ ಗಂಟು ತುಂಬಿದ ಮತ್ತಿ ಮರದ ಕೊರಡೊಂದನ್ನು ಸೀಳುತ್ತಿದ್ದ. ಕೊಡಲಿ ಎತ್ತಿದ, ಹಾಕಿದ. ಮತ್ತೆ ಎತ್ತಿದ. ಈ ಸಲ ಕೊಡಲಿ ಕೊರಡಿಗೆ ಬೀಳಲಿಲ್ಲ. ಅವನ ಬಲಗೈಯಿಂದ ಜಾರಿ ಹಿಂದೆ ಬಿತ್ತು.

ಒಳಗಿದ್ದ ಗುತ್ಯಮ್ಮನಿಗೆ ಕೊಡಲಿ ಬಿದ್ದ ಸದ್ದಿಗಿಂತ ಸೀಳುವ ಸದ್ದು ನಿಂತದ್ದು ಮೊದಲು ಕೇಳಿಸಿತು. ಹೊರಗೆ ಬಂದು ನೋಡಿದರೆ ಧರ್ಮಪ್ಪ ಎಡಗೈಯಲ್ಲಿ ತಲೆ ಹಿಡಿದುಕೊಂಡು ಕುಕ್ಕರಿಸಿದ್ದ.

"ಅಕ್ಕಾ... ತಲೆ... ತಲೆ ಸೀಳ್ತಾ ಐತೆ..."

ಅಷ್ಟರಲ್ಲೇ ವಾಂತಿ. ಉಂಡದ್ದೆಲ್ಲ ಬಂತು. ಎರಡನೆಯ ಮಾತು ಆಡಲು ಹೋದ. ನಾಲಿಗೆ ತೊಡರಿ ಏನೋ ಮುದ್ದೆ ಮುದ್ದೆಯಾಗಿ ಹೊರಬಿತ್ತು. ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಬಲಗೈ ತನ್ನದಲ್ಲ ಎಂಬಂತೆ ಮಣ್ಣಿನಲ್ಲಿ ಬಿದ್ದಿತ್ತು. ಬಲಗಾಲು ಎಳೆದುಕೊಳ್ಳಲು ನೋಡಿದ, ಬರಲಿಲ್ಲ. ಹಾಗೇ ಪಕ್ಕಕ್ಕೆ ವಾಲಿದ.

ದ್ಯಾಮಮ್ಮ ಕಿರುಚಿದಳು. ಕಿರುಚಿದ್ದಕ್ಕೆ ಕೇರಿ ಬಂತು. ಬಂಗಾರಪ್ಪ ಎಲ್ಲರಿಗಿಂತ ಮುಂದೆ ಬಂದವನು, ನೋಡಿದ ಕೂಡಲೇ ಎಲ್ಲರಿಗಿಂತ ಹಿಂದೆ ಹೋದ.

"ಮಂಗನ ಕಾಯಿಲೆ! ಮುಟ್ಬ್ಯಾಡ್ರಿ ಯಾರೂ! ಮೊನ್ನೆ ತರಗೆಲೆ ತರೋಕೆ ಕಾಡಿಗೆ ಹೋಗಿದ್ದ ಇವ್ನು!"

ಆ ಮಾತಿಗೆ ಅಂಗಳ ಖಾಲಿಯಾಯಿತು. ಜನ ಬೇಲಿಯಾಚೆ ನಿಂತರು. ಅವರ ಭಯಕ್ಕೆ ಕಾರಣ ಇಲ್ಲದಿರಲಿಲ್ಲ. ಎರಡು ವರ್ಷದಿಂದ ಬೇಸಿಗೆ ಬಂತೆಂದರೆ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಕಾಡಿಗೆ ಹೋದವರಿಗೆ ಜ್ವರ ಬಂದು, ಕೆಲವರು ತೀರಿಕೊಂಡಿದ್ದರು. ದೂರದ ಊರಿನ ಡಾಕ್ಟರುಗಳು ಜೀಪಿನಲ್ಲಿ ಬಂದು ಹತ್ತಿರದಲ್ಲೇ ಕ್ಯಾಂಪು ಹಾಕಿ, ಸತ್ತ ಮಂಗ ಕಂಡರೆ ಹೇಳಿ, ಯಾರಿಗಾದರೂ ಜ್ವರ ಬಂದರೆ ತಕ್ಷಣ ತಿಳಿಸಿ ಎಂದು ಊರೂರಿಗೆ ಸಾರಿದ್ದರು. ಹಾಗಾಗಿ ತಲೆನೋವು ಎಂದರೂ ಮಂಗ, ವಾಂತಿ ಎಂದರೂ ಮಂಗ. ಆ ಸೀಮೆಯಲ್ಲಿ ಬೇರೆ ಕಾಯಿಲೆಗೆ ಜಾಗವೇ ಇರಲಿಲ್ಲ.

ಗುತ್ಯಮ್ಮ ತಮ್ಮನ ಹಣೆ ಮುಟ್ಟಿದಳು. ಕುತ್ತಿಗೆ ಮುಟ್ಟಿದಳು. ಬೆವರು ಇತ್ತು, ಬಿಸಿ ಇರಲಿಲ್ಲ.

"ಜ್ವರ ಎಲ್ಲೈತೆ ಬಂಗಾರಣ್ಣ? ಬಂದು ಮುಟ್ಟಿ ನೋಡ್ರಿ!"

"ಜ್ವರ ಒಳಗೆ ಇರ್ತೈತೆ," ಬೇಲಿಯಾಚೆಯಿಂದ ಬಂಗಾರಪ್ಪ ಹೇಳಿದ.

"ಮಂಗನ ಕಾಯಿಲೆಗೆ ಮೊದ್ಲು ಚಳಿ ಜ್ವರ ಬರ್ತೈತೆ. ಮೈಕೈ ನೋವು ಅಂತ ದಿನಗಟ್ಲೆ ಮಲಗ್ತಾರೆ. ಇವ್ನು ಈಗಿನ್ನೂ ಕೊಡಲಿ ಎತ್ತಿದ್ದ. ಎತ್ತಿದ ಕೊಡಲಿ ಇಳಿಸೋದ್ರೊಳಗೆ ಬಿದ್ದಾನೆ. ಒಂದು ಕಡೆ ಕೈ, ಒಂದು ಕಡೆ ಕಾಲು ಹೋಗೈತೆ. ಬಾಯಿ ನೋಡ್ರಿ, ಸೊಟ್ಟಗಾಗೈತೆ. ಮಂಗನ ಕಾಯಿಲೆ ಹಿಂಗೆ ಅರ್ಧ ಮೈ ನೋಡ್ಕಂಡು ಬರ್ತೈತಾ? ಇದು ಲಕ್ವ ಕಣ್ರೀ! ನಮ್ಮತ್ತೆಗೆ ಆಗಿದ್ದೇ ಇದು!"

ಲಕ್ವ ಎಂಬ ಮಾತು ಕೇಳಿದ್ದೇ ಓಣಿಯ ಗುಡ್ಡಮ್ಮಜ್ಜಿಗೆ ಧೈರ್ಯ ಬಂತು. ಲಕ್ವದ ಔಷಧಿ ಅವಳಿಗೆ ಗೊತ್ತಿತ್ತು.

"ಹಂಗಾದ್ರೆ ಗಾಳಿ ಬಡಿದೈತೆ. ಒಂದು ಪಾರಿವಾಳ ಹಿಡ್ಕಂಡು ಬರ್ರಿ. ಬಿಸಿ ರಕ್ತ ಬಲಗೈಗೆ, ಬಲಗಾಲಿಗೆ ತಿಕ್ಕಿದ್ರೆ ಸಂಜೆಗೆ ಎದ್ದು ಕೂರ್ತಾನೆ."

"ಅಜ್ಜೀ, ಇವ್ನ ರಕ್ತದ್ದೇ ರಗಳೆ ಆಗಿ ಬಿದ್ದಾನೆ. ಮೇಲೆ ಪಾರಿವಾಳದ್ದು ಬೇರೆ ಬೇಕಾ?"

"ಹಂಗಾದ್ರೆ ಶುಂಠಿ ಕಷಾಯನಾದ್ರೂ ಕುಡಿಸೆ. ಗಂಟಲು ಒಣಗಿರ್ತೈತೆ."

ದ್ಯಾಮಮ್ಮ ಆಗಲೇ ಚೆಂಬು ಹಿಡಿದುಕೊಂಡು ಬಂದಿದ್ದಳು. ಗುತ್ಯಮ್ಮ ಚೆಂಬನ್ನು ಕಿತ್ತು ಪಕ್ಕಕ್ಕಿಟ್ಟಳು.

"ಬ್ಯಾಡ ಕಣೇ. ಕಷಾಯನೂ ಬ್ಯಾಡ, ನೀರೂ ಬ್ಯಾಡ, ಮಾತ್ರೆನೂ ಬ್ಯಾಡ. ನುಂಗೋ ಶಕ್ತಿ ಇಲ್ಲ ಅವ್ನಿಗೆ. ಕುಡಿಸಿದ್ದು ಹೊಟ್ಟೆಗೆ ಹೋಗಲ್ಲ, ಉಸಿರಿನ ದಾರಿಗೆ ಹೋಗ್ತೈತೆ. ನಮ್ಮತ್ತೆಗೆ ಹಂಗೇ ಕುಡಿಸಿ ಎದೆ ಕಟ್ಟಿ ಸಾಯೋ ಹಂಗೆ ಮಾಡಿದ್ರು. ನೀನು ಇಲ್ಲಿ ಹಿಡ್ಕ. ಇವ್ನನ್ನ ಮಗ್ಗುಲಿಗೆ ತಿರುಗಿಸೋಣ."

ಇಬ್ಬರೂ ಸೇರಿ ಅವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದರು. ಗುತ್ಯಮ್ಮ ಕಂಬಳಿ ಮಡಿಚಿ ತಲೆ ಸ್ವಲ್ಪ ಎತ್ತರವಾಗುವಂತೆ ಇಟ್ಟಳು. ಬಾಯಲ್ಲಿದ್ದ ವಾಂತಿಯನ್ನು ಬಟ್ಟೆಯಿಂದ ಒರೆಸಿ ತೆಗೆದಳು. ಸೊಂಟಕ್ಕೆ ಬಿಗಿದಿದ್ದ ಪಂಚೆಯನ್ನು ಸಡಿಲ ಮಾಡಿದಳು. ಧರ್ಮಪ್ಪನ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಕರೆದರೆ ಒಂದು ಸಲ 'ಹೂಂ' ಅನ್ನುತ್ತಿದ್ದ, ಮತ್ತೊಂದು ಸಲ ಅದೂ ಇಲ್ಲ. ಉಸಿರು ಗೊರಕೆಯಂತೆ ಕೇಳುತ್ತಿತ್ತು.

ಅತ್ತೆ ಬಿದ್ದಾಗ ಇಷ್ಟು ಮಂಪರು ಇರಲಿಲ್ಲ. ಹೊತ್ತು ಹೋದಷ್ಟೂ ತಮ್ಮ ಕೈಬಿಟ್ಟು ಹೋಗುತ್ತಾನೆ ಎಂದು ಅವಳಿಗೆ ಖಂಡಿತ ಅನ್ನಿಸಿತು.

"ಬಂಗಾರಣ್ಣ, ಗಾಡಿ ಕಟ್ರಿ. ರಸ್ತೆಗೆ ಮುಟ್ಟಿಸಿದ್ರೆ ಬಸ್ಸಾದ್ರೂ ಸಿಗ್ತೈತೆ."

ಆ ಕೇರಿಯಲ್ಲಿ ಗಾಡಿ ಇದ್ದದ್ದು ಬಂಗಾರಪ್ಪನಿಗೆ ಮಾತ್ರ.

"ಗಾಡಿ ಕಟ್ಟಬೋದಿತ್ತು ತಂಗಿ..." ಅವನು ಬೇಲಿಯ ಗೂಟ ಹಿಡಿದುಕೊಂಡು ರಾಗ ಎಳೆದ. "ನಾಳೆ ನನ್ನ ಎತ್ತಿಗೆ ಬಂದ್ರೆ? ಮಂಗಂಗೆ ಬಂದಿದ್ದು ಎತ್ತಿಗೆ ಬರಲ್ಲ ಅಂತ ಯಾರು ಹೇಳಿದಾರೆ?"

"ಇದು ಮಂಗನ ಕಾಯಿಲೆ ಅಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ನೀನು ಅಲ್ಲ ಅಂತೀಯ. ಆಗಿದ್ರೆ?"

ಬೇಲಿಯಾಚೆ ಎಲ್ಲರೂ ಬಂಗಾರಪ್ಪನ ಮುಖ ನೋಡಿ ತಲೆ ಆಡಿಸಿದರು. ಒಬ್ಬರೂ ಕಾಲು ಮುಂದಿಡಲಿಲ್ಲ. ಗುತ್ಯಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಳು. ಇವರಿಗೆ ಬುದ್ಧಿ ಹೇಳುತ್ತ ಕೂತರೆ ತಮ್ಮನ ಹೆಣ ಎತ್ತಬೇಕಾಗುತ್ತದೆ. ಕಣ್ಣು ಬಿಟ್ಟಾಗ ಅವಳ ದನಿಯೇ ಬೇರೆಯಾಗಿತ್ತು.

"ಆಯ್ತು ಬಂಗಾರಣ್ಣ. ನೀವೇ ಗೆದ್ರಿ. ಇದು ಮಂಗನ ಕಾಯಿಲೆನೇ."

"ನಾನು ಹೇಳ್ಲಿಲ್ವಾ!"

"ಹೌದು, ಹೇಳಿದ್ರಿ. ಮಂಗನ ಕಾಯಿಲೆ ಬಂದ್ರೆ ಜೀಪಿನೋರಿಗೆ ಕೂಡ್ಲೇ ತಿಳಿಸ್ಬೇಕು ಅಂತಲ್ವಾ ಡಂಗುರ ಹೊಡ್ಸಿದ್ದು? ಇನ್ನೂ ಯಾಕೆ ನಿಂತಿದೀರಿ? ಸೈಕಲ್ ಹತ್ರಿ! ಕ್ಯಾಂಪಿಗೆ ಹೋಗಿ ಜೀಪು ಕರ್ಕಂಡು ಬರ್ರಿ. ಇಲ್ಲೇ ನಿಂತ್ರೆ ಆ ಗಾಳಿ ನಿಮ್ಗೂ ಬೀಸ್ತೈತೆ ನೋಡ್ರಿ!"

ಕಡೆಯ ಮಾತು ಕೆಲಸ ಮಾಡಿತು. ಸೊಂಟನೋವಿನ ಬಂಗಾರಪ್ಪ ಸೈಕಲ್ ಹತ್ತಿದ್ದನ್ನೂ, ತುಳಿದ ರಭಸವನ್ನೂ ಊರವರು ಬಹಳ ದಿನ ಆಡಿಕೊಂಡರು.

ಜೀಪು ಬಂತು. ಅದರಲ್ಲಿ ಬಂದವರು ಹೆಲ್ತ್ ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಪ್ಪ. ಇಳಿದವರೇ ಧರ್ಮಪ್ಪನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿದರು. ಬಲಗೈ ಎತ್ತಿ ಬಿಟ್ಟರು. ಹಸಿ ಬಟ್ಟೆಯಂತೆ ಬಿತ್ತು.

"ಏನಮ್ಮ, ಇವರಿಗೆ ಜ್ವರವೇ ಇಲ್ಲ. ಇದು ಮಂಗನ ಕಾಯಿಲೆ ಅಲ್ಲ."

"ಗೊತ್ತು ಸ್ವಾಮಿ."

"ಗೊತ್ತಾ? ಮತ್ತೆ ಮಂಗನ ಕಾಯಿಲೆ ಅಂತ ಯಾಕೆ ಹೇಳಿ ಕಳಿಸಿದ್ರಿ?"

"ನಂಗೆ ಗೊತ್ತು ಸ್ವಾಮಿ, ಇವ್ರಿಗೆ ಗೊತ್ತಿಲ್ಲ. ಲಕ್ವ ಅಂದ್ರೆ ಪಾರಿವಾಳ ತರ್ತೀನಿ ಅಂತಾರೆ, ಮಂಗನ ಕಾಯಿಲೆ ಅಂದ್ರೆ ಜೀಪು ಬರ್ತೈತೆ. ನಾನು ಎಂತ ಮಾಡ್ಬೇಕಿತ್ತು, ನೀವೇ ಹೇಳ್ರಿ. ಬೈಯೋದಿದ್ರೆ ದಾರಿಯಲ್ಲಿ ಬೈರಿ. ಮೊದ್ಲು ಇವ್ನನ್ನ ಆಸ್ಪತ್ರೆಗೆ ಮುಟ್ಟಿಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮಲ್ಲಿಕಾರ್ಜುನಪ್ಪ ಅವಳ ಮುಖ ನೋಡಿದರು. ಆಮೇಲೆ ಬೇಲಿಯ ಕಡೆ ತಿರುಗಿ, ಅವಳಿಗೆ ಬೈಯಬೇಕಾದ್ದನ್ನೆಲ್ಲ ಅವರಿಗೆ ಬೈದರು.

"ಮಂಗನ ಕಾಯಿಲೆ ಬರೋದು ಕಾಡಿನ ಉಣುಗು ಹುಳ ಕಚ್ಚಿ ಕಣ್ರಯ್ಯಾ! ರೋಗಿಯನ್ನ ಮುಟ್ಟಿದ್ರೆ ಬರೋದಲ್ಲ. ಹೇಳಿ ಹೇಳಿ ನನ್ನ ಗಂಟಲು ಬಿದ್ದು ಹೋಯ್ತು. ಬನ್ನಿ, ಕಂಬಳಿ ಹಿಡೀರಿ ನಾಲ್ಕು ಮೂಲೆಗೆ. ಮೆಲ್ಲಗೆ! ಭತ್ತದ ಮೂಟೆ ಅಲ್ಲ ಅದು!"

ಧರ್ಮಪ್ಪನನ್ನು ಜೀಪಿನಲ್ಲಿ ಮಗ್ಗುಲಾಗಿಯೇ ಮಲಗಿಸಿ, ತಲೆಯನ್ನು ಗುತ್ಯಮ್ಮ ಎರಡು ಕೈಯಲ್ಲೂ ಹಿಡಿದು ಕೂತಳು. ದ್ಯಾಮಮ್ಮ ಕಾಲ ಕಡೆ ಕೂತಳು. ಹಳ್ಳ ಕೊಳ್ಳದ ಆ ದಾರಿಯಲ್ಲಿ ಜೀಪು ಕುಲುಕದಂತೆ ನಿಧಾನ ಹೋಗಬೇಕು, ಹೊತ್ತೂ ಮೀರಬಾರದು. ಎರಡೂ ಹೇಗಾಗುತ್ತದೆ? ಶಿಕಾರಿಪುರ ಮುಟ್ಟುವವರೆಗೂ ಗುತ್ಯಮ್ಮ ತಮ್ಮನ ಉಸಿರಿನ ಸದ್ದೊಂದನ್ನೇ ಕೇಳುತ್ತಿದ್ದಳು.

ಆಸ್ಪತ್ರೆಯ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಅಂಗಾಲು ಗೀರಿ ನೋಡಿದರು. ನೋಡುತ್ತಲೇ ಕೇಳುತ್ತಿದ್ದರು. ಏನು ಮಾಡುವಾಗ ಬಿದ್ದ? ಮೊದಲು ತಲೆನೋವೋ, ಮೊದಲು ವಾಂತಿಯೋ? ಮೈ ಸೆಳೆತ ಬಂದಿತ್ತೇ? ಬಾಯಿಗೆ ಏನಾದರೂ ಹಾಕಿದಿರಾ? ಮೊದಲೇ ಒತ್ತಡ ಇತ್ತೇ, ಮಾತ್ರೆ ತಿನ್ನುತ್ತಿದ್ದನೇ? ಗುತ್ಯಮ್ಮ ಕಂಡದ್ದನ್ನು ಕಂಡ ಹಾಗೇ ಹೇಳಿದಳು. ಮಾತ್ರೆಯ ಮಾತು ಬಂದಾಗ ಮಾತ್ರ ಅವಳ ದನಿ ಗಟ್ಟಿಯಾಯಿತು.

"ಬಿಟ್ಟಿದ್ದ ಸ್ವಾಮಿ. ಬಿಟ್ಟು ಸೊಂಟ ನೋವಿನೋರಿಗೆ ದಾನ ಮಾಡಿದ್ದ."

ಡಾಕ್ಟರು ನಿಟ್ಟುಸಿರು ಬಿಟ್ಟರು. "ಬದುಕಿಸೋ ಪ್ರಯತ್ನ ಮಾಡ್ತೀವಿ. ಈಗಲೇ ಏನೂ ಹೇಳೋಕಾಗಲ್ಲ ತಾಯಿ. ಮಂಪರು ಜಾಸ್ತಿ ಇದೆ."

ಮಾರನೆಯ ದಿನ ಬಂಗಾರಪ್ಪ ಬಸ್ಸಿನಲ್ಲಿ ಬಂದ. ಬರಿಗೈಯಲ್ಲಿ ಬರಬಾರದೆಂದು ಬಾಳೆಹಣ್ಣು ತಂದಿದ್ದ. ಮಂಚದ ಮೇಲೆ ಮಾತಿಲ್ಲದೆ ಮಲಗಿದ್ದ ಧರ್ಮಪ್ಪನನ್ನು ನೋಡಿ ಹಣ್ಣನ್ನು ಮೆಲ್ಲಗೆ ಅವನ ಕಾಲ ಬಳಿ ಇಟ್ಟ. ಆದರೂ ಅಭ್ಯಾಸ ಬಿಡಲಿಲ್ಲ. ಡಾಕ್ಟರು ಬಂದಾಗ ಕೇಳಿಯೇಬಿಟ್ಟ:

"ಸ್ವಾಮಿ, ಇವ್ನಿಗೆ ರಕ್ತ ಜಾಸ್ತಿ ಇತ್ತು. ರಕ್ತ ಜಾಸ್ತಿ ಇದ್ದೋನಿಗೆ ಹಿಂಗಾಗ್ತೈತಾ?"

ಗುತ್ಯಮ್ಮ ಹಣೆ ಚಚ್ಚಿಕೊಂಡಳು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಇಂಥದ್ದನ್ನು ಅವರು ಬಹಳ ಕೇಳಿದ್ದರೋ ಏನೋ.

"ನೀವು ಗದ್ದೆ ಮಾಡೋರಲ್ವೇ? ಕಾಲುವೆಯಲ್ಲಿ ನೀರು ಎಷ್ಟಿದೆ ಅನ್ನೋದು ಒಂದು, ಆ ನೀರು ಬದುವನ್ನ ಎಷ್ಟು ಜೋರಾಗಿ ಒತ್ತುತ್ತೆ ಅನ್ನೋದು ಇನ್ನೊಂದು. ಇವರಿಗೆ ಜಾಸ್ತಿ ಇದ್ದದ್ದು ರಕ್ತ ಅಲ್ಲ, ರಕ್ತದ ಒತ್ತು. ದಿನಾ ಒತ್ತಿದ್ರೆ ಬದು ಏನಾಗುತ್ತೆ?"

"ಸವೀತೈತೆ."

"ಸವೆದು ಸವೆದು ಒಂದು ದಿನ?"

"ಒಡೀತೈತೆ ಸ್ವಾಮಿ."

"ಒಡೆದ್ರೆ?"

"ಒಡೆದ ಕಡೆ ಸಸಿ ಮುಳುಗ್ತಾವೆ. ಮುಂದಿನ ಗದ್ದೆಗೆ ನೀರಿಲ್ಲ."

"ಇವರ ತಲೆಯಲ್ಲಿ ಆಗಿರೋದು ಅದೇ. ಮೆದುಳಿನೊಳಗೆ ರಕ್ತನಾಳ ಒಡೆದು ರಕ್ತ ಸುರಿದಿದೆ. ತಲೆಬುರುಡೆ ಗಟ್ಟಿ, ಸುರಿದ ರಕ್ತಕ್ಕೆ ಹೋಗೋಕೆ ಜಾಗ ಇಲ್ಲ. ಅದಕ್ಕೇ ಆ ತಲೆನೋವು, ಆ ವಾಂತಿ, ಈ ಮಂಪರು. ಮೆದುಳಿನ ಎಡಭಾಗ ನಡೆಸೋದು ಬಲಗೈ ಬಲಗಾಲನ್ನ. ಇವರಿಗೆ ಪೆಟ್ಟು ಬಿದ್ದಿರೋದು ಎಡಕ್ಕೆ. ಮಾತಿನ ಜಾಗನೂ ಅಲ್ಲೇ."

"ಹಂಗಾದ್ರೆ ಎಲ್ಲಾ ಲಕ್ವನೂ ಹಿಂಗೇನಾ?"

"ಅಲ್ಲ. ಕೆಲವರಿಗೆ ನಾಳ ಒಡೆಯಲ್ಲ, ಕಟ್ಟಿಕೊಳ್ಳುತ್ತೆ. ಹೊರಗಿಂದ ನೋಡಿ ಇದು ಅದೇ ಅಂತ ಹೇಳೋದು ನಮಗೇ ಕಷ್ಟ. ಯಾವುದಾದ್ರೂ ತಡ ಮಾಡದೆ ಆಸ್ಪತ್ರೆಗೆ ತರಬೇಕು. ಈ ತಾಯಿ ನೀರು ಕುಡಿಸದೆ, ಮಗ್ಗುಲಿಗೆ ಮಲಗಿಸಿ ತಂದದ್ದು ಒಳ್ಳೇದಾಯ್ತು. ಅದಕ್ಕಿಂತ ಒಳ್ಳೇದಾಗ್ತಿದ್ದದ್ದು ಇವರು ಮಾತ್ರೆ ಬಿಡದೆ ಇದ್ದಿದ್ರೆ."

ಬಂಗಾರಪ್ಪ ಹೊರಗೆ ಜಗಲಿಗೆ ಹೋಗಿ ಕೂತ. ತಾನು ನುಂಗಿದ ಮಾತ್ರೆಗಳ ನೆನಪು ಅವನಿಗೆ ಈಗ ಬಂದಿತ್ತು. ತುಸು ಹೊತ್ತಾದ ಮೇಲೆ ಗುತ್ಯಮ್ಮ ಅವನ ಪಕ್ಕ ಬಂದು ಕೂತಳು. ಬೈಯಬೇಕೆಂದೇ ಬಂದಿದ್ದಳು. ಅವನ ಕಣ್ಣು ನೋಡಿ ಬೈಗುಳ ಅರ್ಧಕ್ಕೇ ನಿಂತಿತು.

"ಬಾಳೆಹಣ್ಣು ನೀವೇ ತಿನ್ರಿ. ಅವ್ನಿಗೆ ನುಂಗೋಕಾಗಲ್ಲ. ಮೂಗಲ್ಲಿ ಕೊಳವೆ ಹಾಕಿದಾರೆ."

"ಎತ್ತಿಗೆ ಬರ್ತೈತೆ ಅಂದ್ನಲ್ಲ ತಂಗಿ ನಾನು..."

"ಅಂದ್ರಿ. ಈಗ ಒಳಗೆ ಹೋಗಿ ನಿಮ್ಮ ತೋಳಿಗೆ ಪಟ್ಟಿ ಕಟ್ಟಿಸ್ಕಳ್ರಿ. ಇಬ್ರಿಗೂ ಒಂದೇ ಅಜ್ಜ, ಒಂದೇ ಭರಣಿ ಮಿಡಿ."

"ನಂಗೆ ಎಂತದೂ ಆಗಿಲ್ಲ. ಗಟ್ಟಿ ಇದೀನಿ."

"ಅವ್ನೂ ಇದನ್ನೇ ಹೇಳಿದ್ದ!" ಗುತ್ಯಮ್ಮ ಕೂಗಿದ ಕೂಗಿಗೆ ನರ್ಸಮ್ಮ ಬಾಗಿಲಿಗೆ ಬಂದು ಸುಮ್ಮನಿರಿ ಎಂದು ಗದರಿದಳು.

ಬಂಗಾರಪ್ಪ ಎದ್ದು ಒಳಗೆ ಹೋದ.

ಧರ್ಮಪ್ಪ ಉಳಿದ. ಎಲ್ಲರೂ ಉಳಿಯುವುದಿಲ್ಲ, ಅದೇ ಕೋಣೆಯಲ್ಲಿ, ಅದೇ ಕಾಯಿಲೆಯಲ್ಲಿ, ತಡವಾಗಿ ತಂದಿದ್ದ ಒಬ್ಬ ಹೆಂಗಸು ಅವನ ಕಣ್ಣೆದುರೇ ಹೋದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಅವನು ಮನೆಗೆ ಬಂದ. ಬಲಗಾಲು ಎಳೆದು ಹಾಕುತ್ತ ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಾನೆ. ಬಲಗೈ ಇನ್ನೂ ಕೊಡಲಿ ಹಿಡಿಯುವ ಹಾಗಿಲ್ಲ, ಹಿಡಿಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ದ್ಯಾಮಮ್ಮ ದಿನವೂ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಾಳೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದು. ಅರ್ಧ ಸೀಳಿದ ಕೊರಡು ಅಂಗಳದಲ್ಲೇ ನೆನೆಯುತ್ತಿದೆ. ಮಾತ್ರೆ ಕೊಡುವುದು ಈಗ ದ್ಯಾಮಮ್ಮನ ಕೆಲಸ; ಒಲೆ ಹಚ್ಚಿದ ಮೇಲೆ ಮೊದಲು ಅದು, ಆಮೇಲೆ ಗಂಜಿ. ಮಿಡಿಯ ಭರಣಿ ಗುತ್ಯಮ್ಮನ ಜೊತೆ ಶಿರಾಳಕೊಪ್ಪಕ್ಕೆ ಹೋಯಿತು. ಅವಳೂ ಈಗ ಮಿಡಿಯನ್ನು ತೊಳೆದು, ಒಂದನ್ನೇ ನಾಲ್ಕು ಜನಕ್ಕೆ ಹಂಚುತ್ತಾಳೆ.

ತಮ್ಮನನ್ನು ನೋಡಲು ಅವಳು ಬಂದ ಒಂದು ದಿನ ಜಗಲಿಯಲ್ಲಿ ನಾಲ್ಕಾರು ಜನ ಸೇರಿದ್ದರು. ಬಂಗಾರಪ್ಪ ಆಗ ತಾನೇ ಶಿಕಾರಿಪುರದಿಂದ ಮಾತ್ರೆ ತಂದಿದ್ದ. ತನ್ನ ತೋಳಿನ ಕಥೆಯನ್ನು ಗುಡ್ಡಮ್ಮಜ್ಜಿಗೆ ಹೇಳುತ್ತಿದ್ದ.

"ನಂಗೂ ಐತಂತೆ ಅಜ್ಜಿ. ಡಾಕ್ಟ್ರು ಹೇಳಿದ್ರು, ಬಂಗಾರಪ್ಪ, ನಿಂಗೂ ರಕ್ತ ಜಾಸ್ತಿ..."

ಗೋಡೆಗೆ ಒರಗಿ ಕೂತಿದ್ದ ಧರ್ಮಪ್ಪ ಕೋಲಿನಿಂದ ನೆಲ ಕುಟ್ಟಿದ. ಎಲ್ಲರೂ ತಿರುಗಿ ನೋಡಿದರು. ಅವನ ಬಾಯಿ ಒದ್ದಾಡಿತು, ತುಟಿ ಒಂದು ಕಡೆ ಎಳೆಯಿತು. ಕುತ್ತಿಗೆಯ ನರ ಉಬ್ಬಿತು.

"ಒ... ಒತ್ತ..." ಅಂದ ಧರ್ಮಪ್ಪ. ಉಸಿರು ಎಳೆದುಕೊಂಡ. "ಒತ್ತಡ. ಒತ್ತಡ ಜಾಸ್ತಿ. ರಕ್ತ... ಅಲ್ಲ."

ಮತ್ತೆ ಸ್ವಲ್ಪ ಹೊತ್ತು ತಡಕಾಡಿ, ಎಡಗೈಯಿಂದ ಮಾತ್ರೆ ಇದ್ದ ಬಂಗಾರಪ್ಪನ ಜೇಬು ತೋರಿಸಿದ.

"ತಿನ್ನು."

ಗುತ್ಯಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. ದಾರಿಯಲ್ಲಿ ಬಸ್ಸಿನಿಂದ ಇಳಿದು ಹೋಗಿದ್ದ ಮಾತು ಕೊನೆಗೂ ಮನೆಗೆ ಬಂದಿತ್ತು, ಬಲಗೈಯನ್ನು ಅಡ ಇಟ್ಟುಕೊಂಡು.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ನಿಮ್ಮ ಮನೆಯ ಧರ್ಮಪ್ಪ ಯಾರು? ಗಟ್ಟಿ ಇದ್ದೇನೆ ಎನ್ನುವ ಅಪ್ಪನೋ, ತಲೆನೋವು ಹೋಯಿತೆಂದು ಮಾತ್ರೆ ಬಿಟ್ಟ ಅವ್ವನೋ, 'ಆಮೇಲೆ' ಎನ್ನುವ ನೀವೇನೋ? ಒತ್ತಡಕ್ಕೆ ನೋವಿಲ್ಲ, ಸದ್ದಿಲ್ಲ. ತೋಳಿಗೆ ಪಟ್ಟಿ ಕಟ್ಟಿಸದೆ ಅದು ಗೊತ್ತಾಗುವುದಿಲ್ಲ. ಸಂತೆಗೆ ಹೋದ ದಿನವೇ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿ ಬನ್ನಿ. ಮಾತ್ರೆ ಕೊಟ್ಟರೆ ಡಾಕ್ಟರು ಸಾಕು ಅನ್ನುವವರೆಗೆ ತಿನ್ನಿ, ಇನ್ನೊಬ್ಬರಿಗೆ ಹಂಚಬೇಡಿ. ಉಪ್ಪನ್ನು ಕೈ ಬಿಗಿ ಹಿಡಿದು ಹಾಕಿ.

ಇಷ್ಟಾದ ಮೇಲೂ ಯಾರಾದರೂ ನಿಂತವರು ನಿಂತಂತೆ ತಲೆ ಸೀಳುತ್ತದೆ ಅಂದರೆ, ವಾಂತಿಯಾಗಿ ಮಂಪರು ಕವಿದರೆ, ಬಾಯಿ ಸೊಟ್ಟಗಾಗಿ ಮಾತು ತೊಡರಿದರೆ, ಒಂದು ಕೈ ಒಂದು ಕಾಲು ಸತ್ತಂತಾದರೆ, ಬೇಲಿಯಾಚೆ ನಿಂತು ಕಾರಣ ಹುಡುಕಬೇಡಿ. ಇವುಗಳಲ್ಲಿ ಒಂದೇ ಕಂಡರೂ ಸಾಕು, ಎಲ್ಲವೂ ಕಾಣಲಿ ಎಂದು ಕಾಯಬೇಡಿ. ಪಾರಿವಾಳವನ್ನು ಅದರ ಪಾಡಿಗೆ ಬಿಡಿ. ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಎತ್ತರ ಮಾಡಿ, ಯಾವ ಹೊತ್ತಿಗೆ ಶುರುವಾಯಿತು ಎಂಬುದನ್ನು ನೆನಪಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ.

ಪಕ್ಕದ ಮನೆಯಲ್ಲಿ ಹೀಗಾಗಿ, ಗಾಡಿ ನಿಮ್ಮದಿದ್ದರೆ, ದಯವಿಟ್ಟು ಮೊದಲು ಎತ್ತು ಕಟ್ಟಿ. ಪ್ರಶ್ನೆ ದಾರಿಯಲ್ಲಿ ಕೇಳಿ.